ಮೂರೂ ದೀಪ ಉರೀತಿದಾವಾ?

ನೋಟಿಸ್ ಬರೆದವನು ನಾನೇ. ಮೂರು ಪ್ಯಾರಾದ ಇಂಗ್ಲಿಷ್ ಪತ್ರ, ಕೆಳಗೆ ಮ್ಯಾನೇಜರ್ ಸಹಿ. ಒಪ್ಪಂದದಂತೆ ತೊಂಬತ್ತು ದಿನ ಮುಂಚಿತವಾಗಿ ತಿಳಿಸುತ್ತಿದ್ದೇವೆ, 2025ರ ಫೆಬ್ರುವರಿ 28ಕ್ಕೆ ನಿಮ್ಮ ಸೇವೆ ಮುಗಿಯುತ್ತದೆ ಎಂಬುದು ಅದರ ಸಾರಾಂಶ. ನವೆಂಬರ್ 30ರ ಶನಿವಾರ ಮಧ್ಯಾಹ್ನ ಅದನ್ನು ಇಮೇಲ್ ಮಾಡಿ, ಕ್ಯಾಂಟೀನಿಗೆ ಹೋಗಿ ಚಿತ್ರಾನ್ನ ತಿಂದೆ. ಇಪ್ಪತ್ತಾರನೇ ವಯಸ್ಸಿಗೇ ಇಂಥ ಕೆಲಸ ನನ್ನನ್ನು ನಂಬಿ ಕೊಟ್ಟರಲ್ಲ ಅಂತ ಒಳಗೊಳಗೇ ಖುಷಿಯೂ ಆಗಿತ್ತು.

ನಾನಿರುವುದು ಪೀಣ್ಯದ ಒಂದು ಪಂಪ್‌ಸೆಟ್ ಕಂಪನಿಯಲ್ಲಿ. ಕೊಳವೆಬಾವಿಗೆ ಇಳಿಸುವ ಮೋಟರು, ಅದರ ಸ್ಟಾರ್ಟರ್ ಡಬ್ಬಿ ನಮ್ಮ ಸರಕು. ಮೋಟರು ಕೈಕೊಟ್ಟರೆ ರೈತರು ಡಬ್ಬಿಯ ಮೇಲಿನ ಸ್ಟಿಕ್ಕರ್ ನೋಡಿ ಟೋಲ್ ಫ್ರೀ ನಂಬರಿಗೆ ಫೋನ್ ಮಾಡುತ್ತಾರೆ. ಆ ಫೋನ್ ಎತ್ತುತ್ತಿದ್ದವರು ನಮ್ಮ ಕಂಪನಿಯವರಲ್ಲ, ತಿಪಟೂರಿನ ಒಂದು ಪುಟ್ಟ ಕಾಲ್ ಸೆಂಟರಿನ ಒಂಬತ್ತು ಹೆಣ್ಣುಮಕ್ಕಳು. ಔಟ್‌ಸೋರ್ಸಿಂಗ್ ಅಂದರೆ ನಮಗೆಲ್ಲ ಅಮೆರಿಕದ ಫೋನ್ ಎತ್ತುವ ಬೆಂಗಳೂರಿನ ನೈಟ್ ಶಿಫ್ಟೇ ನೆನಪಾಗುತ್ತದೆ. ಬೆಂಗಳೂರು ಕೂಡ ತನ್ನ ಕೆಲಸವನ್ನು ಕಡಿಮೆ ಬಾಡಿಗೆಯ ಊರಿಗೆ ದಾಟಿಸುತ್ತದೆ ಅನ್ನುವುದು ಈ ಕೆಲಸಕ್ಕೆ ಸೇರುವವರೆಗೆ ನನಗೂ ಗೊತ್ತಿರಲಿಲ್ಲ.

ಅವರ ಕೆಲಸದ ಲೆಕ್ಕ ಇಡುವುದು ನನ್ನ ಪಾಲಿಗೆ ಬಂದಿತ್ತು. ಪ್ರತಿ ತಿಂಗಳು ಒಂದು ಎಕ್ಸೆಲ್ ಶೀಟು: ಎಷ್ಟು ಕಾಲ್ ಬಂತು, ಎಷ್ಟು ತಪ್ಪಿತು, ಒಂದು ಕಾಲ್‌ಗೆ ಸರಾಸರಿ ಎಷ್ಟು ನಿಮಿಷ. ಒಪ್ಪಂದದಲ್ಲಿ ಇದ್ದದ್ದು ನಾಲ್ಕು ನಿಮಿಷ. ಅವರದ್ದು ಸದಾ ಏಳರ ಆಸುಪಾಸು. ಆ ಕಾಲಂಗೆ ಕೆಂಪು ಬಣ್ಣ ಹಚ್ಚಿದವನು ನಾನು. ಆ ಕೆಂಪು ತೋರಿಸಿ, ಬೇರೆ ರಾಜ್ಯದ ಒಂದು ದೊಡ್ಡ ಕಂಪನಿ ಎಂಟು ಭಾಷೆಯಲ್ಲಿ ಇದಕ್ಕಿಂತ ಅಗ್ಗಕ್ಕೆ ಮಾಡಿಕೊಡುತ್ತದೆ ಅಂತ ಮೀಟಿಂಗಿನಲ್ಲಿ ಸ್ಲೈಡ್ ಇಟ್ಟವನೂ ನಾನೇ. ಚಪ್ಪಾಳೆ ತಟ್ಟಲಿಲ್ಲ, ಆದರೆ ಮ್ಯಾನೇಜರ್ 'ಗುಡ್ ವರ್ಕ್' ಅಂದರು.

ಕೊನೆಗೊಳಿಸುವುದು ಹೇಗೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹದಿನಾಲ್ಕು ಪುಟದ ಒಪ್ಪಂದದಲ್ಲಿ ಶುರು ಮಾಡುವುದರ ಬಗ್ಗೆ ಹನ್ನೆರಡು ಪುಟ ಇತ್ತು. ಮುಗಿಸುವುದರ ಬಗ್ಗೆ ಇದ್ದದ್ದು ಎರಡೇ ಸಾಲು: ತೊಂಬತ್ತು ದಿನದ ನೋಟಿಸ್ ಕೊಡಬೇಕು, ಮತ್ತು ಕೆಲಸದ ಅವಧಿಯಲ್ಲಿ ತಯಾರಾದ ದಾಖಲೆಗಳೆಲ್ಲ ಕಂಪನಿಗೆ ಸೇರಿದ್ದು. ನಾನು ನೆಟ್ಟಿನಲ್ಲಿ ಹುಡುಕತೊಡಗಿದೆ. ಸಿಕ್ಕಿದ್ದೆಲ್ಲ ದೊಡ್ಡವರ ಕಥೆ. 2002ರ ಕೊನೆಗೆ ಅಮೆರಿಕದ ಜೆ.ಪಿ. ಮಾರ್ಗನ್ ಚೇಸ್ ಬ್ಯಾಂಕು ತನ್ನ ಕಂಪ್ಯೂಟರ್ ಕೆಲಸವನ್ನು ಏಳು ವರ್ಷಕ್ಕೆ, 500 ಕೋಟಿ ಡಾಲರಿಗೆ ಐಬಿಎಂಗೆ ವಹಿಸಿತ್ತಂತೆ. ಎರಡು ವರ್ಷ ತುಂಬುವ ಮೊದಲೇ, 2004ರ ಸೆಪ್ಟೆಂಬರಿನಲ್ಲಿ, ಸಾಕು ಅಂತ ಹೇಳಿ ಸುಮಾರು ನಾಲ್ಕು ಸಾವಿರ ಜನರನ್ನು ವಾಪಸ್ ತನ್ನ ಕೆಲಸಕ್ಕೇ ತೆಗೆದುಕೊಂಡಿತು. ನಮ್ಮದು ಒಂಬತ್ತು ಜನರ ವ್ಯವಹಾರ. ವಾಪಸ್ ತೆಗೆದುಕೊಳ್ಳುವ ಮಾತೇ ಬರಲಿಲ್ಲ.

ಡಿಸೆಂಬರ್ ಎರಡನೇ ವಾರ ತಿಪಟೂರಿಗೆ ಹೊರಟೆ. ಎರಡು ವರ್ಷದಿಂದ ಇಮೇಲ್, ಫೋನಿನಲ್ಲಿ ವ್ಯವಹಾರ ಮಾಡಿದ್ದೆನೇ ಹೊರತು ಒಮ್ಮೆಯೂ ಹೋಗಿರಲಿಲ್ಲ. ಅರಸೀಕೆರೆ ಕಡೆಯ ರೈಲಿನಲ್ಲಿ ಹೋಗಿ ಇಳಿದೆ. ಆಫೀಸು ಇದ್ದದ್ದು ಒಂದು ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಕೊಬ್ಬರಿ ವಾಸನೆ ಮೂಗಿಗೆ ಅಡರಿತು. ಮೇಲೆ ಹತ್ತು ಕಂಪ್ಯೂಟರು, ಒಂದು ಯುಪಿಎಸ್, ಗೋಡೆಗೆ ಕರ್ನಾಟಕದ ಮ್ಯಾಪು. ಮ್ಯಾಪಿನ ಮೇಲೆ ಪೆನ್ಸಿಲ್ಲಿನಲ್ಲಿ ಯಾವ ತಾಲ್ಲೂಕಿಗೆ ಯಾವ ಮೆಕ್ಯಾನಿಕ್ ಅಂತ ಬರೆದಿದ್ದರು.

ತಂಡದ ಮುಖ್ಯಸ್ಥೆ ನನಗಿಂತ ಐದಾರು ವರ್ಷ ದೊಡ್ಡವರು. ಫೋನಿನಲ್ಲಿ 'ಮೇಡಂ' ಅನ್ನುತ್ತಿದ್ದೆ. ಇಲ್ಲಿ ಅಕ್ಕ ಅಂತಲೇ ಬರೆಯುತ್ತೇನೆ, ಕೊನೆಕೊನೆಗೆ ಹಾಗೇ ಕರೆಯುತ್ತಿದ್ದೆ. ಕಾಫಿ ತರಿಸಿಕೊಟ್ಟು, ಎದುರಿಗೆ ಕೂತು, ನೇರವಾಗಿ ಕೇಳಿದರು:

"ನಮ್ಮಿಂದ ಏನ್ ತಪ್ಪಾಯ್ತು ಸಾರ್?"

ಕಾಸ್ಟು, ಕಂಪನಿ ಪಾಲಿಸಿ, ಮೇಲಿನವರು ಅಂತ ಏನೇನೋ ಹೇಳಿದೆ. ಬಿಡಲಿಲ್ಲ. ಕೊನೆಗೆ ಏಳು ನಿಮಿಷದ ವಿಷಯ ಬಾಯಿಬಿಟ್ಟೆ.

"ಅಯ್ಯೋ, ಹಂಗಂತ ಮುಂಚೆನೇ ಹೇಳಿದ್ರೆ ಕಮ್ಮಿ ಮಾತಾಡ್ತಿದ್ವಲ್ಲ ಸಾರ್."

ನಾನು ಪ್ರತಿ ತಿಂಗಳೂ ಹೇಳಿದ್ದೆ. ಆದರೆ ಹೇಳಿದ್ದು ಇಮೇಲಿನಲ್ಲಿ, ಇಂಗ್ಲಿಷಿನಲ್ಲಿ, ಅವರ ಮಾಲೀಕರಿಗೆ. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿದ್ದು, ಊರಿಗೆ ವಾಪಸ್ ಬಂದು ಈ ಸೆಂಟರ್ ತೆರೆದವರು ಅವರು. ಹುಡುಗಿಯರಿಗೆ ಯಾಕೆ ತಿಳಿಸಲಿಲ್ಲ ಅಂತ ಕೇಳಿದ್ದಕ್ಕೆ ನಕ್ಕರು. "ತಿಳಿಸಿದ್ರೆ ನಾಲ್ಕು ನಿಮಿಷಕ್ಕೆ ಫೋನ್ ಇಡ್ತಾರೆ. ಆಮೇಲೆ ರೈತರು ಮೋಟ್ರು ಸುಟ್ಕೋತಾರೆ. ನೀವು ಯಾವತ್ತಾದ್ರೂ ಒಂದ್ ಕಾಲ್ ಕೇಳಿದೀರಾ?"

ಕೇಳಿರಲಿಲ್ಲ. ರೆಕಾರ್ಡಿಂಗ್‌ಗಳು ನಮ್ಮ ಸರ್ವರಿನಲ್ಲೇ ಇದ್ದವು. ನಾನು ನೋಡಿದ್ದು ಅವುಗಳ ಉದ್ದವನ್ನು ಮಾತ್ರ. ಹೊಸ ಕಂಪನಿಯವರಿಗೆ ಕೆಲಸ ಕಲಿಸಲು ಮಾದರಿ ಕಾಲ್‌ಗಳು ಬೇಕಿದ್ದರಿಂದ, ಬೆಂಗಳೂರಿಗೆ ಬಂದಮೇಲೆ ಎರಡು ದಿನ ಕೂತು ನಲವತ್ತು ಕಾಲ್ ಕೇಳಿದೆ.

ಒಂದು ಹೇಳುತ್ತೇನೆ. ರಾತ್ರಿ ಒಂಬತ್ತು ದಾಟಿದೆ, ಹಾವೇರಿ ಕಡೆಯ ಅಜ್ಜ. "ಕರೆಂಟ್ ಬಂದೈತ್ರೀ, ಮೋಟರ್ ಗುಂಯ್ ಅಂತೈತಿ, ನೀರ್ ಬರವಲ್ದು." ಈ ಕಡೆ ತಿಪಟೂರಿನ ಹುಡುಗಿ, ಫೋನಿನಲ್ಲೇ ಕಲಿತ ಉತ್ತರ ಕರ್ನಾಟಕದ ಮಾತಿನಲ್ಲಿ ಕೇಳುತ್ತಾಳೆ: "ಅಜ್ಜಾ, ಡಬ್ಬಿ ಮ್ಯಾಲೆ ಕೆಂಪು, ಹಳದಿ, ನೀಲಿ ದೀಪ ಅದಾವಲ್ರೀ, ಮೂರೂ ಉರೀತಾವೇನ್ರೀ?" ಅಜ್ಜ ಇರುವುದು ಮನೆಯಲ್ಲಿ. ಡಬ್ಬಿ ಇರುವುದು ಹೊಲದಲ್ಲಿ. "ತಡೀ ಅವ್ವಾ, ಹೋಗಿ ನೋಡ್ತೇನಿ." ಆಮೇಲೆ ನಾಲ್ಕೂವರೆ ನಿಮಿಷ ಬರೀ ಹೆಜ್ಜೆ ಸದ್ದು, ನಾಯಿ ಬೊಗಳುವುದು, ಜೀರುಂಡೆ. ನಡುವೆ ಒಮ್ಮೆ ಅವಳ ದನಿ: "ಟಾರ್ಚ್ ಹಿಡಕೊಂಡೀರಿ ಹೌದಿಲ್ಲೋ?" ಕೊನೆಗೆ ಅಜ್ಜ, "ಎರಡ ಉರೀತಾವು. ನೀಲಿ ಇಲ್ಲ." "ಹಂಗಾದ್ರ ಮೊದ್ಲು ಬಂದ್ ಮಾಡ್ರೀ. ಒಂದು ಫೇಸ್ ಬಂದಿಲ್ಲ. ಹಂಗೇ ಬಿಟ್ರ ಮೋಟರ್ ಸುಟ್ಟು ಹೋಗ್ತದ. ಮುಂಜಾನೆ ಲೈನ್‌ಮನ್‌ಗೆ ಹೇಳ್ರೀ."

ಹನ್ನೊಂದು ನಿಮಿಷ. ನನ್ನ ಶೀಟಿನಲ್ಲಿ ಅದು ಕಡುಗೆಂಪು.

ಮೂರು ಫೇಸ್‌ನಲ್ಲಿ ಒಂದು ತಪ್ಪಿದರೆ ಮೋಟರು ತಿರುಗಲಾಗದೆ ಗುಂಯ್‌ಗುಡುತ್ತದೆ, ಒಳಗಿನ ವೈಂಡಿಂಗ್ ಕಾದು ಸುಡುತ್ತದೆ. ಇದು ನಮ್ಮ ಎಂಜಿನಿಯರುಗಳಿಗೂ ಗೊತ್ತು. ಆದರೆ ರೈತನ ಕೈಗೆ ತ್ರೀ ಫೇಸ್ ಸಿಗುವುದೇ ದಿನಕ್ಕೆ ಕೆಲವು ಗಂಟೆ, ಅದೂ ಎಷ್ಟೋ ಕಡೆ ರಾತ್ರಿ. ಆ ಹೊತ್ತಿನಲ್ಲಿ ಯಾವ ಎಂಜಿನಿಯರೂ ಫೋನ್ ಎತ್ತುವುದಿಲ್ಲ. ಇನ್ನೊಂದು ಕಾಲ್‌ನಲ್ಲಿ ಮೂರೂ ದೀಪ ಉರಿಯುತ್ತಿದ್ದವು, ಮೋಟರೂ ತಿರುಗುತ್ತಿತ್ತು, ನೀರು ಮಾತ್ರ ಕಿರುಬೆರಳಷ್ಟು. "ಟಿಸಿ ಹತ್ರ ಕೆಇಬಿಯೋರು ಬಂದಿದ್ರಾ ಅಣ್ಣಾ?" ಅಂತ ಪ್ರಶ್ನೆ. ಬಂದಿದ್ದರು, ನಿನ್ನೆ. ಹಾಗಾದರೆ ವೈರು ಅದಲುಬದಲಾಗಿ ಮೋಟರು ಉಲ್ಟಾ ತಿರುಗುತ್ತಿದೆ, ಮೇನ್ ಇಳಿಸಿ ಎಲೆಕ್ಟ್ರಿಷಿಯನ್ ಕೈಲಿ ಸ್ಟಾರ್ಟರಿನ ಎರಡು ವೈರ್ ಬದಲಾಯಿಸಿಸಿ, ಸರಿಹೋಗುತ್ತದೆ. ಮೆಕ್ಯಾನಿಕ್ ಕಳಿಸಿ, ನೂರಾರು ಅಡಿ ಪೈಪು ಮೇಲೆತ್ತಿಸಿ ನೋಡುವ ಖರ್ಚು ಉಳಿಯಿತು. ಉಳಿದದ್ದನ್ನು ಬರೆಯಲು ನನ್ನ ಶೀಟಿನಲ್ಲಿ ಕಾಲಂ ಇರಲಿಲ್ಲ.

ಹೊಸ ಕಾಲಂ ಸೇರಿಸಿ ಮ್ಯಾನೇಜರ್ ಹತ್ತಿರ ತೆಗೆದುಕೊಂಡು ಹೋದೆ. ಪೂರ್ತಿ ನೋಡಿದರು, ಅದು ಅವರ ದೊಡ್ಡತನ. "ಇದನ್ನ ಅಕ್ಟೋಬರ್‌ನಲ್ಲಿ ತಂದಿದ್ರೆ ಮಾತಾಡಬಹುದಿತ್ತು. ಈಗ ಹೊಸಬರ ಜೊತೆ ಸಹಿ ಆಗಿದೆ" ಅಂದರು. ಅಕ್ಟೋಬರಿನಲ್ಲಿ ನಾನು ಸ್ಲೈಡಿಗೆ ಬಣ್ಣ ಹಚ್ಚುತ್ತಿದ್ದೆ.

ಜನವರಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ನಮ್ಮ ಟೋಲ್ ಫ್ರೀ ನಂಬರ್ ಇದ್ದದ್ದು ತಿಪಟೂರಿನವರ ಹೆಸರಿನಲ್ಲಿ! ಶುರುವಿನಲ್ಲಿ ಅವಸರಕ್ಕೆ ಅವರೇ ತೆಗೆದುಕೊಂಡಿದ್ದರು, ಆಮೇಲೆ ಯಾರಿಗೂ ನೆನಪಿರಲಿಲ್ಲ. ಆರು ವರ್ಷದಿಂದ ಮಾರಿದ ಪ್ರತಿ ಡಬ್ಬಿಯ ಮೇಲೂ ಅದೇ ನಂಬರು ಅಂಟಿದೆ. ಅವರು ಕೊಡುವುದಿಲ್ಲ ಅಂದರೆ ನಾವು ಊರೂರಿಗೆ ಹೋಗಿ ಸ್ಟಿಕ್ಕರ್ ಬದಲಾಯಿಸಬೇಕಿತ್ತು. ಅದೇ ಹೊತ್ತಿಗೆ ನಮ್ಮ ಅಕೌಂಟ್ಸ್‌ನವರು ಅವರ ಡಿಸೆಂಬರ್ ಬಿಲ್ ತಡೆಹಿಡಿದಿದ್ದರು. ಎಲ್ಲ ಮುಗಿದಮೇಲೆ ಒಟ್ಟಿಗೆ ಲೆಕ್ಕ, ನಾಲ್ಕು ನಿಮಿಷ ಮೀರಿದ್ದಕ್ಕೆ ದಂಡ ಹಿಡಿದು ಕೊಡೋಣ ಅಂತ. ಅಂದರೆ ಅವರ ದುಡ್ಡು ನಮ್ಮ ಕೈಲಿ, ನಮ್ಮ ನಂಬರು ಅವರ ಕೈಲಿ. ನಾನು ಹೆದರಿಕೊಂಡೇ ಮಾಲೀಕರಿಗೆ ಫೋನ್ ಮಾಡಿದೆ. "ಫಾರ್ಮ್ ಕಳ್ಸಿ, ಸಹಿ ಹಾಕ್ತೀನಿ" ಅಂದರು. ಮಾರನೇ ದಿನ ಕೊರಿಯರ್ ಬಂತು. ಬಿಲ್ಲಿನ ಮಾತೇ ಎತ್ತಲಿಲ್ಲ.

ಎತ್ತಿದ್ದರೆ ನನಗೆ ಸಲೀಸಾಗುತ್ತಿತ್ತೇನೋ. ಎತ್ತದೇ ಇದ್ದದ್ದು ರಾತ್ರಿಯೆಲ್ಲ ಕೊರೆಯಿತು. ಜನವರಿಯ ಬಿಲ್ಲನ್ನೂ ತಡೆಹಿಡಿದರು. ಒಂದು ದಿನ ಆ ಬಿಲ್ಲನ್ನೇ ನೋಡುತ್ತಾ ಕೂತಾಗ ಮೂಲೆಯಲ್ಲಿ ಸಣ್ಣದಾಗಿ 'ಉದ್ಯಮ್' ನೋಂದಣಿ ಸಂಖ್ಯೆ ಕಣ್ಣಿಗೆ ಬಿತ್ತು. ಸಣ್ಣ ಉದ್ದಿಮೆ ಅಂತ ನೋಂದಾಯಿಸಿಕೊಂಡವರಿಗೆ ಸಿಗುವ ನಂಬರು ಅದು. ಬಿಕಾಂ ಓದಿದ ಗೆಳೆಯನನ್ನು ಕೇಳಿದೆ, ಅವನು ಒಂದೇ ಉಸಿರಿಗೆ ಹೇಳಿದ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಇಂಥವರಿಗೆ 45 ದಿನದೊಳಗೆ ಹಣ ಕೊಡಲೇಬೇಕು, ಒಪ್ಪಂದದಲ್ಲಿ 60 ದಿನ ಅಂತ ಬರೆದುಕೊಂಡಿದ್ದರೂ ನಡೆಯುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರು ಕೊಡಲು ಆಗ 'ಸಮಾಧಾನ್' ಅನ್ನುವ ಸರ್ಕಾರಿ ಪೋರ್ಟಲ್ಲೂ ಇತ್ತು. ನಮ್ಮ ಒಪ್ಪಂದದಲ್ಲಿದ್ದದ್ದು ಸರಿಯಾಗಿ 60 ದಿನವೇ.

ಇದೆಲ್ಲ ಹೇಳಿದರೂ ಅಕೌಂಟ್ಸ್ ಮುಖ್ಯಸ್ಥರು ಜಗ್ಗಲಿಲ್ಲ. "ಅವ್ರೇನು ಕೇಸ್ ಹಾಕ್ತಾರಾ? ಬಿಡಪ್ಪ" ಅಂದರು. ನಿಜ, ಸಣ್ಣವರು ದೊಡ್ಡವರ ಮೇಲೆ ದೂರು ಕೊಡುವುದು ಅಪರೂಪ, ನಾಳೆ ಇನ್ನೊಬ್ಬರ ಕೆಲಸ ಸಿಗಬೇಕಲ್ಲ. ಆಗ ಗೆಳೆಯ ಹೇಳಿದ ಕೊನೆಯ ಮಾತು ಉಪಯೋಗಕ್ಕೆ ಬಂತು. ಆಗಿನ ಆದಾಯ ತೆರಿಗೆ ಕಾಯ್ದೆಯ 43ಬಿ ಸೆಕ್ಷನ್‌ಗೆ ಹೊಸದಾಗಿ (ಎಚ್) ಅಂತ ಒಂದು ಉಪವಿಧಿ ಸೇರಿಸಿದ್ದರು, 2023–24ರ ಲೆಕ್ಕದಿಂದ ಜಾರಿಯಾಗಿತ್ತು. ಸಣ್ಣ ಉದ್ದಿಮೆಯ ಬಾಕಿ ಗಡುವು ಮೀರಿ, ಮಾರ್ಚ್ 31 ದಾಟಿಯೂ ಉಳಿದರೆ, ಆ ವರ್ಷದ ಖರ್ಚು ಅಂತ ತೋರಿಸುವ ಹಾಗಿಲ್ಲ. ಅಷ್ಟಕ್ಕೂ ಆ ವರ್ಷ ತೆರಿಗೆ ಬೀಳುತ್ತದೆ. ಇದನ್ನು ಮೆತ್ತಗೆ ಒಂದು ಇಮೇಲಿನಲ್ಲಿ ಬರೆದು, ಆಡಿಟರಿಗೂ ಒಂದು ಪ್ರತಿ ಹಾಕಿದೆ. ನ್ಯಾಯದ ಮಾತಿಗೆ ಅಲುಗದವರು ತೆರಿಗೆಯ ಮಾತಿಗೆ ಎದ್ದು ಕೂತರು. ಮಾರ್ಚ್ 27ಕ್ಕೆ ಎರಡೂ ಬಿಲ್ ಪಾಸಾಯಿತು. ಫೆಬ್ರುವರಿಯ ಬಿಲ್ ಏಪ್ರಿಲಿನಲ್ಲಿ ಕೊಟ್ಟರು, ಆದರೆ ಅದರಲ್ಲಿ ದಂಡ ಹಿಡಿದೇ ಕೊಟ್ಟರು. ಅದನ್ನು ತಪ್ಪಿಸಲು ನನ್ನಿಂದ ಆಗಲಿಲ್ಲ.

ಈ ಪುಟ ಓದುವವರಲ್ಲಿ ಸ್ವಂತ ಉದ್ಯೋಗ ಶುರು ಮಾಡುವವರು ಇರಬಹುದು. ಯಾರಿಗೋ ಕೆಲಸ ಮಾಡಿಕೊಡುವ ಮೊದಲು, ಅಥವಾ ಯಾರಿಂದಲೋ ಮಾಡಿಸಿಕೊಳ್ಳುವ ಮೊದಲು, ಬಿಡುವಾಗ ಏನು ಅನ್ನುವುದನ್ನು ಶುರುವಿನ ಕಾಗದದಲ್ಲೇ ಬರೆಸಿಕೊಳ್ಳಿ. ನಂಬರು, ಪಾಸ್‌ವರ್ಡು ಯಾರ ಹೆಸರಿನಲ್ಲಿ, ಜನರ ಮಾಹಿತಿ ಯಾರು ಅಳಿಸಬೇಕು, ಕೊನೆಯ ಬಿಲ್ ಎಷ್ಟು ದಿನದಲ್ಲಿ. ಮನಸ್ಸು ಚೆನ್ನಾಗಿರುವಾಗ ಇದನ್ನೆಲ್ಲ ಕೇಳಲು ಸಂಕೋಚ ಆಗುತ್ತದೆ. ಕೇಳಿ.

ಫೆಬ್ರುವರಿಯಲ್ಲಿ ಇನ್ನೊಮ್ಮೆ ತಿಪಟೂರಿಗೆ ಹೋದೆ, ಹೊಸ ಕಂಪನಿಯ ಇಬ್ಬರನ್ನು ಕರೆದುಕೊಂಡು. ಮೂರು ದಿನದ ಪಾಠ. ಬಂದವರಲ್ಲಿ ಒಬ್ಬನಿಗೆ ಕನ್ನಡ ಬರುತ್ತಿತ್ತು, ಒಳ್ಳೆಯ ಹುಡುಗ, ಬೆಂಗಳೂರಿನಲ್ಲೇ ಬೆಳೆದವನು. 'ಟಿಸಿ' ಅಂದರೆ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಅಂದುಕೊಂಡಿದ್ದ. ಹುಡುಗಿಯರು ನಗಲಿಲ್ಲ. ಟ್ರಾನ್ಸ್‌ಫಾರ್ಮರ್ ಅಂತ ಹೇಳಿ, ಹತ್ತಿರದ ಹೊಲಕ್ಕೆ ಕರೆದುಕೊಂಡು ಹೋಗಿ ಕಂಬ ತೋರಿಸಿದರು. ತಮ್ಮ ಕೆಲಸ ಕಿತ್ತುಕೊಳ್ಳಲು ಬಂದವನಿಗೆ ಎಳನೀರು ಕೊಚ್ಚಿಸಿ ಕೊಟ್ಟು ಕೆಲಸ ಕಲಿಸುವುದನ್ನು ನಾನು ನಿಂತು ನೋಡುತ್ತಿದ್ದೆ.

ಕೊನೆಯ ದಿನ ದಾಖಲೆಗಳನ್ನೆಲ್ಲ ಪಟ್ಟಿ ಮಾಡಿ ತೆಗೆದುಕೊಳ್ಳುವಾಗ ಅಕ್ಕ ಡ್ರಾಯರಿನಿಂದ ಒಂದು ಉದ್ದದ ನೋಟ್‌ಬುಕ್ ತೆಗೆದರು. ರಟ್ಟಿಗೆ ಬ್ರೌನ್ ಪೇಪರ್ ಹಾಕಿ, ಶಾಲೆಯ ಪುಸ್ತಕದ ಹಾಗೆ ಲೇಬಲ್ ಅಂಟಿಸಿತ್ತು. ಒಳಗೆ ತಾಲ್ಲೂಕುವಾರು ಟಿಪ್ಪಣಿ. ಇಂಥ ಊರಿನವರು ಆಂಪ್ಸ್ ಮೀಟರಿಗೆ 'ಮುಳ್ಳು' ಅನ್ನುತ್ತಾರೆ. ಇವರಿಗೆ ಕಿವಿ ಮಂದ, ಮಗಳ ನಂಬರಿಗೆ ಮಾಡಿ. ಈ ಭಾಗದಲ್ಲಿ ನೀರು ಇಳಿದಿದೆ, ಮುಳ್ಳು ಕಮ್ಮಿ ತೋರಿಸಿದರೆ ಮೋಟರ್ ದೋಷ ಅಲ್ಲ, ಬೋರ್ ಬತ್ತಿದೆ, ಸಮಾಧಾನವಾಗಿ ಹೇಳಿ. 'ಸಮಾಧಾನವಾಗಿ' ಅನ್ನುವ ಪದದ ಕೆಳಗೆ ಎರಡು ಗೆರೆ.

"ಇದೂ ಕೊಡ್ಬೇಕಾ ಸಾರ್?"

ಒಪ್ಪಂದದ ಎರಡನೇ ಸಾಲಿನ ಪ್ರಕಾರ ಕೊಡಬೇಕಿತ್ತು. ನಾನು ಅದನ್ನು ಕೆಳಗಿನ ಅಂಗಡಿಗೆ ಒಯ್ದು ಪೂರ್ತಿ ಜೆರಾಕ್ಸ್ ಮಾಡಿಸಿ, ಮೂಲ ಪುಸ್ತಕವನ್ನು ಅವರಿಗೇ ವಾಪಸ್ ಕೊಟ್ಟೆ. ಪಟ್ಟಿಯಲ್ಲಿ 'ನೋಟ್‌ಬುಕ್ – 1, ಪಡೆಯಲಾಗಿದೆ' ಅಂತ ಬರೆದುಕೊಂಡೆ. ಜೆರಾಕ್ಸನ್ನು ಹೊಸಬರಿಗೆ ಕಳಿಸಿದೆ. ಅದನ್ನು ಯಾರಾದರೂ ತೆರೆದು ನೋಡಿದರೋ ಇಲ್ಲವೋ ಕೇಳುವ ಧೈರ್ಯ ಬಂದಿಲ್ಲ.

ಹುಡುಗಿಯರು ಅನುಭವದ ಪತ್ರ ಕೇಳಿದರು. ಅವರು ನಮ್ಮ ನೌಕರರಲ್ಲವಾದ್ದರಿಂದ ನಮ್ಮ ಎಚ್‌ಆರ್ ಒಪ್ಪಲಿಲ್ಲ. ಮಾಲೀಕರೇ ತಮ್ಮ ಲೆಟರ್‌ಹೆಡ್ಡಿನಲ್ಲಿ ಒಂಬತ್ತು ಪತ್ರ ಟೈಪ್ ಮಾಡಿಸಿದರು, ಇಂಗ್ಲಿಷ್ ತಿದ್ದಿಕೊಟ್ಟವನು ನಾನು. ಇಬ್ಬರು ಗಾರ್ಮೆಂಟ್ಸಿಗೆ ಸೇರಿದರು, ಒಬ್ಬಳು ಆಸ್ಪತ್ರೆಯ ರಿಸೆಪ್ಷನ್‌ಗೆ. ಒಬ್ಬಳಿಗೆ ಮದುವೆಯಾಯಿತು, ಕಾರ್ಡ್ ಬಂದಿತ್ತು. ಉಳಿದವರ ಸುದ್ದಿ ಗೊತ್ತಿಲ್ಲ. ಅಕ್ಕ ಈಗ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಾರೆ.

ನನ್ನ ಶೀಟಿನಲ್ಲಿ ಈಗ ಸರಾಸರಿ ಮೂರು ಚಿಲ್ಲರೆ ನಿಮಿಷ, ಅಚ್ಚ ಹಸಿರು. ಮೆಕ್ಯಾನಿಕ್‌ಗಳ ಓಡಾಟದ ಬಿಲ್ಲು ಏರಿದೆ, ಅದು ಬೇರೆ ವಿಭಾಗದ ಶೀಟು. ಕಡೂರಿನಿಂದ ನಮ್ಮ ಚಿಕ್ಕಪ್ಪ ಫೋನ್ ಮಾಡಿ, "ಒಂದು ಒತ್ತು ಎರಡು ಒತ್ತು ಅಂತಾನೆ ಕಣೋ, ನಿಮ್ಮಲ್ಲಿ ಒಂದು ಹೆಣ್ಮಗು ಮಾತಾಡೋದಲ್ಲ, ಅದೆಲ್ಲಿ ಹೋಯ್ತು?" ಅಂತ ಕೇಳಿದರು. ನೆಟ್‌ವರ್ಕ್ ಸರಿ ಇಲ್ಲ ಅಂತ ಫೋನ್ ಇಟ್ಟೆ.

ಕಳೆದ ವಾರ ರಾತ್ರಿ ಹತ್ತಕ್ಕೆ ಅಕ್ಕನಿಂದ ವಾಟ್ಸ್ಆ್ಯಪ್ ಬಂತು. ಸ್ವಂತ ನಂಬರನ್ನು ರೈತರಿಗೆ ಕೊಡಬಾರದು ಅನ್ನುವ ನಿಯಮವನ್ನು ಅವರು ಯಾವಾಗಲೋ ಮುರಿದಿದ್ದರು ಅಂತ ನನಗೆ ಆಗಲೇ ತಿಳಿದದ್ದು. "ಸಾರ್, ಹಾವೇರಿ ಅಜ್ಜ ಫೋನ್ ಮಾಡಿದ್ರು. ಮೂರೂ ದೀಪ ಉರೀತಿದಾವಂತೆ, ನೀರು ಕಮ್ಮಿ. ಮಧ್ಯಾಹ್ನ ಟಿಸಿ ರಿಪೇರಿ ಆಗಿದೆ. ವೈರ್ ಅದಲುಬದಲು ಇರ್ಬೇಕು. ಎಲೆಕ್ಟ್ರಿಷಿಯನ್ ಕೈಲಿ ಮಾಡ್ಸಿ ಅಂತ ಹೇಳಿದೀನಿ. ಬೆಳಗ್ಗೆ ನಿಮ್ಮೋರ ಕೈಲಿ ಒಂದ್ಸಲ ಫೋನ್ ಮಾಡ್ಸಿ."

ಬೆಳಗ್ಗೆ ನಾನೇ ಮಾಡಿದೆ. ಮಾತು ಮುಗಿಯಲು ಒಂಬತ್ತು ನಿಮಿಷ ಹಿಡಿಯಿತು.